ಬಾಣಂತಿ ಕೋಣೆಯ ನೀಲಿ ದೀಪ

ಮಲ್ಲಂದೂರು
18 ಮಾರ್ಚ್ 2024

ಪ್ರೀತಿಯ ಸುಭದ್ರಾ,

ನಿನ್ನ ಮಗಳ ಸೀಮಂತ ಮುಗಿಸಿ ನಾವು ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗಿತ್ತು. ದೇವರಾಜರು ಸಂಸೆಯಿಂದ ಇಲ್ಲಿಯವರೆಗೂ ಏನೋ ಹೇಳುತ್ತಲೇ ಬಂದರು. ಜೀಪಿನ ಗಲಾಟೆಯಲ್ಲಿ ನಾನು ಹೂಂ ಹೂಂ ಅನ್ನುತ್ತಿದ್ದೆ. ಕಡೆಗೆ ತೋಟದ ಮೇಸ್ತ್ರಿಯನ್ನು ಕೂಗುವ ಗಂಟಲು ತೆಗೆದು, “ನಿನ್ನತ್ರ ಮಾತಾಡೋದೂ ಒಂದೇ, ಸಿಲ್ವರ್ ಮರದತ್ರ ಮಾತಾಡೋದೂ ಒಂದೇ” ಅಂದರು. ನೋಡು, ಗಂಡನಾದವನು ಆಡುವ ಮಾತು! ಇತ್ತೀಚೆಗೆ ಎಲ್ಲರಿಗೂ ಬಾಯೊಳಗೇ ಮಾತಾಡುವ ರೋಗ ಬಂದಿದೆ. ಫೋನಿನ ಲೈನಂತೂ ಕೇಳುವುದೇ ಬೇಡ. ಅದಕ್ಕೇ ನಿನಗೆ ಕಾಗದ ಬರೆಯುವುದು. ಟೀಚರ್ ಟ್ರೈನಿಂಗ್ ಮುಗಿಸಿ ಹಾಸ್ಟೆಲ್ ಬಿಟ್ಟಾಗ ಶುರು ಮಾಡಿದ್ದು, ಈಗ ನಿಲ್ಲಿಸುವುದಕ್ಕೂ ಮನಸ್ಸಿಲ್ಲ. ಕಾಗದದಲ್ಲಿ ನೀನು ಸ್ಪಷ್ಟವಾಗಿ ಮಾತಾಡುತ್ತೀ.

ಈಗ ಮುಖ್ಯ ವಿಷಯ. ಪಂಚಮಿಯ ಮಡಿಲು ತುಂಬುವಾಗ ಸೀರೆಯ ಕೆಳಗೆ ಒಂದು ಸಣ್ಣ ಪೆಟ್ಟಿಗೆ ಇಟ್ಟಿದ್ದೆ. ಪೌಡರ್ ಡಬ್ಬ ಅಂದುಕೊಂಡು ಬೀರುವಿಗೆ ಸೇರಿಸಿಬಿಡಬೇಡ. ಅದು ಸೊಳ್ಳೆ ಓಡಿಸುವ ಯಂತ್ರ. ಪ್ಲಗ್ಗಿಗೆ ಸಿಕ್ಕಿಸಿದರೆ ನೀಲಿ ದೀಪ ಹತ್ತುತ್ತದೆ, ಒಳಗಿನಿಂದ ಒಂದು ಸದ್ದು ಹೊರಡುತ್ತದೆ. ಆ ಸದ್ದು ಮನುಷ್ಯರಿಗೆ ಕೇಳುವುದಿಲ್ಲ, ಸೊಳ್ಳೆಗೆ ಮಾತ್ರ ಕೇಳುತ್ತದಂತೆ. ತಾಳಲಾರದೆ ಓಡಿಹೋಗುತ್ತದಂತೆ. ಮಗ ರಾಜೀವ ಚಿಕ್ಕಮಗಳೂರಿನಿಂದ ತಂದ. ಹೊಗೆಯಿಲ್ಲ, ವಾಸನೆಯಿಲ್ಲ, ಬತ್ತಿಯ ಬೂದಿ ಗುಡಿಸುವ ಕೆಲಸವಿಲ್ಲ. ತಂದ ದಿನ ಮನೆಯವರೆಲ್ಲ ಅದಕ್ಕೆ ಕಿವಿಯಿಟ್ಟು ನೋಡಿದರು. ರಾಜೀವನಿಗೂ ಕೇಳಲಿಲ್ಲ, ಸೊಸೆ ಕೃತಿಕಾಗೂ ಕೇಳಲಿಲ್ಲ, ಇವರಿಗೂ ಕೇಳಲಿಲ್ಲ. ಯಾಕೋ ಅವತ್ತು ನನಗೆ ಬಹಳ ಖುಷಿಯಾಯಿತು ಮಾರಾಯ್ತಿ.

ನಮ್ಮ ಮಲಗುವ ಕೋಣೆಯಲ್ಲಿ ಹಾಕಿ ತಿಂಗಳಾಯಿತು. ಒಂದು ಸೊಳ್ಳೆಯಾದರೂ ಕಿವಿಯ ಹತ್ತಿರ ಗುಂಯ್ ಅಂದಿದ್ದರೆ ಕೇಳು. ಇವರು ಬೆಳಗ್ಗೆದ್ದು ಮೈ ಕೆರೆದುಕೊಳ್ಳುತ್ತಾರೆ, ಅದು ತೋಟದಲ್ಲಿ ಮೈಗೆ ಹತ್ತುವ ಉಣುಗಿನದು.

ನಿಮ್ಮ ಕಡೆ ಬಾಣಂತಿ ಕೋಣೆಗೆ ಸಂಜೆ ಲಕ್ಕಿ ಸೊಪ್ಪಿನ ಹೊಗೆ ಹಾಕುತ್ತೀರಲ್ಲ, ಎಳೆ ಮಗುವಿಗೆ ಅದು ಬೇಡ. ನಿನ್ನ ಮದುವೆಯ ಕಾಲದ ಆ ಸೊಳ್ಳೆ ಪರದೆಯನ್ನೂ ಮಡಚಿಡು. ನನಗೆ ಹೆಣ್ಣುಮಕ್ಕಳಿಲ್ಲ ಅನ್ನುವುದನ್ನು ಪಂಚಮಿ ಮರೆಸಿದ್ದಾಳೆ. ಅವಳ ಮಗುವಿಗೆ ಇದು ನನ್ನ ಮೊದಲ ಉಡುಗೊರೆ.

ನಿನ್ನ
ವಸಂತಾ


ಸಂಸೆ
9 ಮೇ 2024

ಪ್ರೀತಿಯ ವಸಂತಾ,

ಹೆಣ್ಣು ಮಗು. ಹೋದ ಗುರುವಾರ ಕೊಪ್ಪದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಭಾನುವಾರ ಮನೆಗೆ ಕರೆದುಕೊಂಡು ಬಂದೆವು. ಪಂಚಮಿ ಸುಸ್ತಾಗಿದ್ದಾಳೆ, ಆದರೆ ಮುಖದಲ್ಲಿ ಕಳೆಯಿದೆ. ಅಳಿಯ ಕಾರ್ತಿಕ್ ಶಾಲೆಗೆ ರಜೆಯಿರುವುದರಿಂದ ಇಲ್ಲೇ ಇದ್ದಾನೆ. ಹೈಸ್ಕೂಲು ಮೇಷ್ಟ್ರು ಮಗುವನ್ನು ಎತ್ತಿಕೊಳ್ಳಲು ಹೆದರಿ, ಉತ್ತರಪತ್ರಿಕೆಯ ಕಟ್ಟು ಹಿಡಿದ ಹಾಗೆ ಎರಡೂ ಕೈಯಲ್ಲಿ ಮುಂದೆ ಚಾಚಿ ಹಿಡಿಯುತ್ತಾನೆ. ಅಜ್ಜನಾದ ಗಣಪಯ್ಯನವರು ಪೂಜೆಗೆ ಕೂತರೂ ಒಂದು ಕಣ್ಣು ಕೋಣೆಯ ಕಡೆಗೇ.

ಮಗು ಮಾತ್ರ ಹಂಚು ಹಾರುವ ಹಾಗೆ ಅಳುತ್ತದೆ. ಪಂಚಮಿ ಅದಕ್ಕೆ ಇಂಚರಾ ಎಂದು ಹೆಸರಿಡುತ್ತಾಳಂತೆ. “ಇದು ಇಂಚರವಾದ್ರೆ ಗುಡುಗಿಗೆ ಎಂತ ಹೇಳೋದು?” ಎಂದು ಇವರು ಕೇಳುತ್ತಿದ್ದಾರೆ. ಈ ತಿಂಗಳ ಕೊನೆಯ ಭಾನುವಾರ ನಾಮಕರಣ. ನೀವಿಬ್ಬರೂ ಬರಲೇಬೇಕು.

ನೀನು ಕೊಟ್ಟ ಯಂತ್ರ ಬಾಣಂತಿ ಕೋಣೆಯ ಪ್ಲಗ್ಗಿನಲ್ಲಿದೆ. ಕರೆಂಟು ಇದ್ದಾಗಲೆಲ್ಲ ದೀಪ ಹತ್ತಿರುತ್ತದೆ. ಮಗುವಿಗೆ ಹಾಲು ಕೊಡಲು ಅಷ್ಟು ಬೆಳಕು ಸಾಕೆಂದು ಪಂಚಮಿ ಬೇರೆ ದೀಪ ಹಾಕುವುದೇ ಇಲ್ಲ. ಮಗು ಸೀನುತ್ತದೆಂದು ಹೊಗೆ ಬಿಟ್ಟಿದ್ದೇನೆ, ಡಾಕ್ಟರೂ ಹಾಗೇ ಹೇಳಿದರು.

ನಿನ್ನ
ಸುಭದ್ರಾ


ಮಲ್ಲಂದೂರು
3 ಜೂನ್ 2024

ಪ್ರೀತಿಯ ಸುಭದ್ರಾ,

ಎಂಥಾ ಚೆಂದದ ನಾಮಕರಣ! ನಿನ್ನ ಕೈಯ ಹಲಸಿನ ಕಡುಬಿಗೆ ಇವರು ಈಗಲೂ ಬಾಯಿ ಚಪ್ಪರಿಸುತ್ತಾರೆ. ನೀನು ಬರೆದದ್ದು ಮಾತ್ರ ಶುದ್ಧ ಸುಳ್ಳು. ಹಂಚು ಹಾರುವ ಹಾಗೆ ಅಳುವ ಮಗುವೇ ಅದು? ನಾವು ಊಟಕ್ಕೆ ಕೂತಷ್ಟು ಹೊತ್ತೂ ಕೋಣೆಯೊಳಗೆ ಸದ್ದಿಲ್ಲದೆ ಮಲಗಿತ್ತು. ನೀನೇ ಯಾಕೋ ಬಡಿಸುವುದನ್ನು ಬಿಟ್ಟು ಬಿಟ್ಟು ಒಳಗೆ ಓಡುತ್ತಿದ್ದೆ. ಮೊಮ್ಮಗಳ ಮೇಲೆ ಅಷ್ಟು ಮೋಹ ಒಳ್ಳೆಯದಲ್ಲ.

ಕೋಣೆಗೆ ಬಂದಾಗ ಮಂಚದ ಮೇಲೆ ಪರದೆ ಇರಲಿಲ್ಲ. ಅದನ್ನು ನೋಡಿ ನನಗಾದ ಸಂತೋಷ ಹೇಳತೀರದು. ಸುಭದ್ರಾ ಮೇಷ್ಟ್ರಮ್ಮ ಒಂದು ಹೊಸ ವಸ್ತುವನ್ನು ನಂಬಿದಳು ಅಂದರೆ ಸಾಮಾನ್ಯವೇ? ಅಷ್ಟು ಹೊತ್ತು ಕೂತಿದ್ದೆ, ಒಂದು ಸೊಳ್ಳೆಯ ಸದ್ದಿಲ್ಲ. ನಾನು ಹಾಗೆ ಹೇಳಿದಾಗ ನೀವು ತಾಯಿ ಮಗಳು ಮುಖ ಮುಖ ನೋಡಿಕೊಂಡಿರಿ. ಹೆಮ್ಮೆಗೋ ಏನೋ.

ಪಂಚಮಿಗೆ ಒಂದು ಬೈಗುಳ ಬಾಕಿಯಿದೆ. ಕಿವಿಗೆ ಬಟ್ಟೆ ಕಟ್ಟಿಕೊಂಡ ಬಾಣಂತಿ ತುಂತುರು ಮಳೆಯಲ್ಲಿ ಜೀಪಿನ ತನಕ ಬರುವುದೇ? ಕಿಟಕಿ ಹಿಡಿದು ಎಷ್ಟು ಅಕ್ಕರೆಯಿಂದ ಮಾತಾಡಿದಳು. ನಾನು ಅವಳ ಕೆನ್ನೆ ಮುಟ್ಟಿ, “ಆಯ್ತು ಮಾರಾಯ್ತಿ, ಖಂಡಿತ” ಅಂದೆ. ಆ ಮುಖ ಕಣ್ಣಿಗೆ ಕಟ್ಟಿದ ಹಾಗಿದೆ. ಮಳೆ ಸ್ವಲ್ಪ ಹೊಳವಾದಾಗ ಇನ್ನೊಮ್ಮೆ ಬರುತ್ತೇನೆ.

ನಿನ್ನ
ವಸಂತಾ


ಮಲ್ಲಂದೂರು
12 ಸೆಪ್ಟೆಂಬರ್ 2024

ಪ್ರೀತಿಯ ಸುಭದ್ರಾ,

ಹೇಗೆ ಶುರು ಮಾಡಲಿ? ಜುಲೈಯಿಂದ ಈಚೆಗೆ ನಾನು ಬರೆದ ಕಾಗದಕ್ಕೆ ನಿನ್ನಿಂದ ಉತ್ತರವಿಲ್ಲ. ಉತ್ತರ ಬರೆಯುವ ಸ್ಥಿತಿಯಲ್ಲಿ ನೀನಿಲ್ಲ ಎಂದು ಇವರು ಹೇಳುತ್ತಾರೆ. ನನಗೂ ಗೊತ್ತು. ಆದರೂ ಬರೆಯದೆ ಇರಲು ಆಗುತ್ತಿಲ್ಲ.

ಪಂಚಮಿಗೆ ಜ್ವರ ಎಂದು ಕಾರ್ತಿಕ್ ಇವರಿಗೆ ಫೋನು ಮಾಡಿದಾಗ ನಾನು ಹೆದರಲಿಲ್ಲ. ಮಳೆಗಾಲದಲ್ಲಿ ಯಾರಿಗೆ ಜ್ವರ ಬರುವುದಿಲ್ಲ? ಡೆಂಗ್ಯೂ ಎಂದು ಗೊತ್ತಾಗಿ ಮಂಗಳೂರಿಗೆ ಕರೆದುಕೊಂಡು ಹೋದರು ಎಂದಾಗಲೂ, ದೊಡ್ಡ ಆಸ್ಪತ್ರೆ, ಸರಿಹೋಗುತ್ತಾಳೆ ಅಂದುಕೊಂಡೆ. ಮರುದಿನ ರಾಜೀವ ಬಂದು ನನ್ನ ಎದುರಿಗೆ ನಿಂತ. ಅವನು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು.

ಹದಿಮೂರನೆಯ ದಿನ ಬಂದವಳು ನಿನ್ನ ಪಕ್ಕದಲ್ಲಿ ಕೂತೆ. ನೀನು ನನ್ನ ಕೈಯನ್ನು ಹಿಡಿಯಲಿಲ್ಲ. ನಾನು ಹಿಡಿದಿದ್ದನ್ನೂ ನೀನು ಬಿಡಿಸಿಕೊಂಡೆ. ಒಂದು ಮಾತೂ ಆಡಲಿಲ್ಲವೋ, ಆಡಿದ್ದು ನನಗೆ ಗೊತ್ತಾಗಲಿಲ್ಲವೋ. ಅಷ್ಟು ಜನ ಇದ್ದರು.

ಒಂದು ವಿಷಯ ನನ್ನನ್ನು ಕೊರೆಯುತ್ತಿದೆ. ಯಂತ್ರ ಹಾಕಿದ್ದ ಕೋಣೆಯಲ್ಲಿ ಮಲಗಿದ್ದವಳಿಗೆ ಆ ಸೊಳ್ಳೆ ಎಲ್ಲಿಂದ ಬಂತು? ಮಗುವಿಗೆ ಲಸಿಕೆ ಹಾಕಿಸಲು ಆಸ್ಪತ್ರೆಗೆ ಹೋಗಿದ್ದಳಲ್ಲ, ಅಲ್ಲೇ ಕಚ್ಚಿರಬೇಕು. ಅವತ್ತು ಕೋಣೆಗೆ ಹೋಗಿ ನೋಡಿದೆ, ಪ್ಲಗ್ಗು ಖಾಲಿಯಿತ್ತು. ಯಂತ್ರ ಕೆಟ್ಟಿತ್ತೇ? ಕೆಟ್ಟಿದ್ದರೆ ಒಂದು ಮಾತು ಹೇಳಬಾರದಿತ್ತೇ ಸುಭದ್ರಾ? ಬೇರೆ ಕಳಿಸುತ್ತಿದ್ದೆ.

ಇಂಚರಾ ಹೇಗಿದ್ದಾಳೆ?

ನಿನ್ನ
ವಸಂತಾ


ಮಲ್ಲಂದೂರು
2 ಡಿಸೆಂಬರ್ 2024

ಸುಭದ್ರಾ,

ಕಾಫಿ ಕುಯ್ಲು ಶುರುವಾಗಿದೆ. ಕೂಲಿಯವರ ಲೈನುಮನೆಗಳ ತುಂಬ ಆಳುಗಳು. ಕಣದಲ್ಲಿ ಕೂತು ಎಲ್ಲರನ್ನೂ ಗದರುವುದೇ ನನ್ನ ಕೆಲಸ. ಮೊನ್ನೆ ಪೋಸ್ಟ್‌ಮನ್ ರಾಜೇಶನನ್ನೂ ಗದರಿದೆ, ಸಂಸೆಯ ಕಾಗದವನ್ನು ಎಲ್ಲಿ ಬಿಸಾಡಿದೆ ಎಂದು. ಪಾಪ, ಅವನು ಚೀಲ ತೆರೆದು ತೋರಿಸಿದ.

ನನ್ನಿಂದ ಏನು ತಪ್ಪಾಯಿತು ಹೇಳು. ಬೈಯಬೇಕಿದ್ದರೆ ಬೈ. ಹಾಸ್ಟೆಲಿನಲ್ಲಿ ನಿನ್ನ ಹೊಸ ಕೊಡೆಯನ್ನು ನಾನು ಕಳೆದಾಗ ನೀನು ಒಂದು ವಾರ ಮಾತು ಬಿಟ್ಟಿದ್ದೆ. ಆಗಲೂ ನಾನೇ ಮೊದಲು ಮಾತಾಡಿಸಿದ್ದು.

ವಸಂತಾ


ಸಂಸೆ
15 ಜನವರಿ 2025

ವಸಂತಾ,

ಕಾಗದಗಳೆಲ್ಲ ತಲುಪಿವೆ. ಇಂಚರಾ ಚೆನ್ನಾಗಿದ್ದಾಳೆ. ಹಲ್ಲು ಬರುತ್ತಿದೆ. ಕಾರ್ತಿಕ್ ಶನಿವಾರ ಬಂದು ಭಾನುವಾರ ಹೋಗುತ್ತಾನೆ. ಹೆಚ್ಚು ಬರೆಯಲು ಆಗುತ್ತಿಲ್ಲ.

ಸುಭದ್ರಾ


ಮಲ್ಲಂದೂರು
10 ಮಾರ್ಚ್ 2025

ಪ್ರೀತಿಯ ಸುಭದ್ರಾ,

ಆ ನಾಲ್ಕು ಸಾಲಿನ ಕಾರ್ಡನ್ನು ದೇವರ ಫೋಟೋದ ಹಿಂದೆ ಇಟ್ಟುಕೊಂಡಿದ್ದೇನೆ. ಅಷ್ಟಾದರೂ ಬರೆದೆಯಲ್ಲ.

ನಿನಗೆ ಈ ಸುದ್ದಿ ಹೇಳಲೋ ಬೇಡವೋ ಎಂದು ತಿಂಗಳುಗಟ್ಟಲೆ ಯೋಚಿಸಿದೆ. ನಿನ್ನ ಗಾಯಕ್ಕೆ ಉಪ್ಪು ಹಚ್ಚಿದ ಹಾಗಾದೀತು ಎಂಬ ಭಯ. ಆದರೆ ಬೇರೆಯವರ ಬಾಯಿಂದ ತಿಳಿದರೆ ಇನ್ನೂ ಕೆಟ್ಟದು. ಕೃತಿಕಾಗೆ ಎಂಟು ತಿಂಗಳು ತುಂಬುತ್ತಾ ಬಂತು. ಬಾಳೂರಿನ ತವರಿನಲ್ಲಿ ಅವಳಿಗೆ ತಾಯಿಯಿಲ್ಲವಲ್ಲ, ಅದಕ್ಕೆ ಬಾಣಂತನ ಇಲ್ಲೇ. ಈ ವಯಸ್ಸಿನಲ್ಲಿ ಇದನ್ನೆಲ್ಲ ಮಾಡಬಲ್ಲೆನೇ ಎಂದು ಚಿಂತೆ. ಸಣ್ಣ ಸಣ್ಣದಕ್ಕೂ ಸುಭದ್ರಾ ಹತ್ತಿರ ಇದ್ದಿದ್ದರೆ ಕೇಳಬಹುದಿತ್ತು ಅನ್ನಿಸುತ್ತದೆ.

ಹತ್ತು ದಿನದ ಹಿಂದೆ ಒಳ್ಳೆಯ ಹೂಮಳೆ ಬಂತು. ತೋಟವೆಲ್ಲ ಕಾಫಿ ಹೂವಿನಿಂದ ಬೆಳ್ಳಗಾಗಿ ಘಮಘಮ ಅನ್ನುತ್ತಿದೆ. ಮಳೆಯ ಹಿಂದೆಯೇ ಸೊಳ್ಳೆಯೂ ಬರುತ್ತದಲ್ಲ, ಪಂಚಮಿ ಹೋದ ಮೇಲೆ ನನಗೆ ಅದರದ್ದೇ ಭಯ. ಈ ಸಲ ನಾನು ಏನನ್ನೂ ಬಿಟ್ಟಿಲ್ಲ. ಕೃತಿಕಾಳ ಕೋಣೆಯಲ್ಲಿ ಎರಡು ಯಂತ್ರ, ಮಂಚದ ಆಚೆ ಒಂದು, ಈಚೆ ಒಂದು. ಹಜಾರಕ್ಕೆ ಒಂದು. ಲೈನಿನ ಮನೆಗಳಿಗೂ ಕೊಡಿಸಿದ್ದೇನೆ, ಅಲ್ಲೇ ಇರುವ ನಮ್ಮ ಸಿದ್ದಮ್ಮನೇ ಹಂಚಿದಳು. ಪರದೆಯೊಳಗೆ ಉಸಿರು ಕಟ್ಟುತ್ತದೆ ಎಂದು ಕೃತಿಕಾ ಗೊಣಗುತ್ತಿದ್ದಳು. ತೆಗೆಸಿಬಿಟ್ಟೆ. ಕೋಣೆಯಲ್ಲಿ ಕೂತರೆ ಎಷ್ಟು ಶಾಂತ ಅಂತೀ.

ನಿನ್ನ
ವಸಂತಾ


ಸಂಸೆ
14 ಮಾರ್ಚ್ 2025

ವಸಂತಾ,

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಜೀಪಿನ ರುದ್ರೇಶ್ ಚಿಕ್ಕಮಗಳೂರಿಗೆ ಹೊರಟಿದ್ದಾನೆ. ಮಲ್ಲಂದೂರಿಗೆ ತಿರುಗಿ ನಿನ್ನ ಕೈಗೇ ಕೊಡಬೇಕು ಎಂದು ಹೇಳಿದ್ದೇನೆ. ಮೊದಲು ಒಂದು ಕೆಲಸ ಮಾಡು. ಕೃತಿಕಾಳ ಮಂಚಕ್ಕೆ ಪರದೆ ಕಟ್ಟಿಸು. ಹಗಲಿಗೂ ಇರಲಿ, ಆ ಡೆಂಗ್ಯೂ ಸೊಳ್ಳೆ ಹಗಲಲ್ಲೇ ಕಚ್ಚುವುದಂತೆ, ಬಸುರಿ ಹಗಲೂ ಮಲಗುವವಳು. ಕಟ್ಟಿಸಿ ಬಂದು ಮುಂದೆ ಓದು.

ಆ ಯಂತ್ರದಿಂದ ಸೊಳ್ಳೆ ಹೋಗುವುದಿಲ್ಲ. ಹಾಕಿದ ವಾರದಲ್ಲೇ ನಮಗೆ ಗೊತ್ತಾಗಿತ್ತು. ಒಂದು ಬೆಳಗ್ಗೆ ಗಣಪಯ್ಯನವರು ನನ್ನನ್ನು ಕರೆದು ತೋರಿಸಿದರು. ಆ ನೀಲಿ ದೀಪದ ಮೇಲೆಯೇ ಒಂದು ಸೊಳ್ಳೆ ಕಾಲು ಚಾಚಿ ಕೂತಿತ್ತು. “ಪಾಪ, ಇದ್ಕೆ ಕಿವಿ ಕೇಳ್ಸೋದಿಲ್ಲ ಕಾಣ್ತದೆ” ಎಂದು ಇವರು ನಕ್ಕರು. ನನಗೆ ನಗು ಬರಲಿಲ್ಲ. ನಿನ್ನ ನೆನಪಾಯಿತು.

ನಿನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ ವಸಂತಾ. ಎದುರಿಗೆ ಕೂತು ಗಟ್ಟಿಯಾಗಿ ಹೇಳಿದರೆ ಕೇಳುತ್ತದೆ. ಸಣ್ಣ ಸದ್ದುಗಳು ಹೋಗಿ ಕೆಲವು ವರ್ಷಗಳೇ ಆಗಿವೆ. ಯಾರೂ ಬಾಯೊಳಗೆ ಮಾತಾಡುತ್ತಿಲ್ಲ, ಫೋನಿನ ಲೈನೂ ಸರಿಯಿದೆ. ನಿಮ್ಮ ಕೋಣೆಯಲ್ಲಿ ಸೊಳ್ಳೆ ಗುಂಯ್ ಅನ್ನುತ್ತಲೇ ಇದೆ. ದೇವರಾಜರು ಕೆರೆದುಕೊಳ್ಳುವುದು ಉಣುಗು ಕಚ್ಚಿ ಅಲ್ಲ. ಇದು ನಿನ್ನ ಮನೆಯಲ್ಲಿ ಎಲ್ಲರಿಗೂ ಗೊತ್ತಿದೆ. ಒಮ್ಮೆ ರಾಜೀವ ಕಿವಿ ತೋರಿಸೋಣ ಎಂದಾಗ ನೀನು ಎರಡು ದಿನ ಊಟ ಬಿಟ್ಟೆಯಂತಲ್ಲ, ಅವತ್ತಿನಿಂದ ಯಾರೂ ಆ ಮಾತು ಎತ್ತಿಲ್ಲ. ನಿನ್ನನ್ನು ನೋಯಿಸಬಾರದು ಎಂದು ಎಲ್ಲರೂ ಸೇರಿ ಗಟ್ಟಿಯಾಗಿ ಮಾತಾಡಲು ಕಲಿತೆವು.

ನಾಮಕರಣದ ದಿನ ಪರದೆ ಇರಲಿಲ್ಲ ಎಂದು ಸಂತೋಷಪಟ್ಟೆಯಲ್ಲ, ಅದನ್ನು ಆ ಬೆಳಗ್ಗೆಯಷ್ಟೇ ಬಿಚ್ಚಿದ್ದೆ. ನೀನು ಬರುತ್ತೀ, ನೋಡಿದರೆ ಬೇಜಾರು ಮಾಡಿಕೊಳ್ಳುತ್ತೀ ಎಂದು. ಕೋಣೆಯಲ್ಲಿ ಕೂತು ನೀನು “ಒಂದಾದ್ರೂ ಸೊಳ್ಳೆ ಸದ್ದು ಕೇಳ್ತದಾ, ನೀವೇ ಹೇಳಿ” ಅಂದೆ. ನಮ್ಮ ಮೂವರ ತಲೆಯ ಸುತ್ತಲೂ ಅವು ಹಾಡುತ್ತಿದ್ದವು. ನಿನ್ನ ಕಿವಿಯ ಓಲೆಯ ಕೆಳಗೇ ಒಂದು ಕೂತಿತ್ತು. ನಾನು ಹೇಳಲು ಬಾಯಿ ತೆರೆದೆ. ಪಂಚಮಿ ನನ್ನ ಕೈ ಒತ್ತಿದಳು. ನೀನು ಹೋದ ಮೇಲೆ, “ಅಮ್ಮಾ, ಅವ್ರಿಗೆ ಹೇಳ್ಬೇಡ. ಯಂತ್ರದ್ದು ಹೇಳಿದ್ರೆ ಕಿವೀದೂ ಹೇಳ್ಬೇಕಾಗ್ತದೆ. ಎಷ್ಟು ಆಸೆಯಿಂದ ತಂದಿದಾರೆ” ಅಂದಳು.

ಬಿಚ್ಚಿದ ಪರದೆಯನ್ನು ಮತ್ತೆ ಕಟ್ಟಲು ಹೋದಾಗ ಆ ಹಳೆಯ ಬಟ್ಟೆ ಉದ್ದಕ್ಕೂ ಹರಿದುಬಂತು. ಹೊಸದು ಯಾಕೆ ತರಲಿಲ್ಲ ಎಂಬುದಕ್ಕೆ ಒಂದು ಕಾರಣವಿದೆ. ಅದನ್ನು ಬರೆಯಲು ಇವತ್ತು ನನ್ನಿಂದ ಆಗುವುದಿಲ್ಲ.

ಆಸ್ಪತ್ರೆಯಲ್ಲಿ ಕಚ್ಚಿರಬೇಕು ಎಂದು ಬರೆದೆ. ಲಸಿಕೆ ಹಾಕಿಸಲು ಹೋದದ್ದು ಕಾರ್ತಿಕ್ ಮತ್ತು ನಾನು. ಪಂಚಮಿ ಮನೆಯ ಅಂಗಳ ದಾಟಿರಲಿಲ್ಲ. ಜ್ವರ ಬರುವ ಮುಂಚೆ ಅವಳ ತೋಳಿನ ಮೇಲೆ ಕಚ್ಚಿದ ಗುಳ್ಳೆಗಳಿದ್ದವು, ನಾನೇ ಎಣ್ಣೆ ಹಚ್ಚಿದ್ದೆ. ಅಂಥವಳ ಬಗ್ಗೆ, ಯಂತ್ರ ಇತ್ತಲ್ಲ, ಸೊಳ್ಳೆ ಎಲ್ಲಿಂದ ಬಂತು ಎಂದು ನೀನು ಕೇಳಿದಾಗ, ಇನ್ನು ಈ ಜನ್ಮದಲ್ಲಿ ನಿನ್ನ ಮುಖ ನೋಡುವುದು ಬೇಡ ಅನ್ನಿಸಿತು. ಯಂತ್ರವನ್ನು ಪ್ಲಗ್ಗಿನಿಂದ ಕಿತ್ತು ಗೊಬ್ಬರದ ಗುಂಡಿಗೆ ಎಸೆದವಳು ನಾನೇ.

ಪರದೆ ಇದ್ದಿದ್ದರೆ ಅವಳು ಉಳಿಯುತ್ತಿದ್ದಳೇ? ಗೊತ್ತಿಲ್ಲ. ಡಾಕ್ಟರು ಹೇಳಲಿಲ್ಲ, ನಾನು ಕೇಳಲಿಲ್ಲ. ನಿನ್ನ ಮೇಲೆ ನನಗೆ ಸಿಟ್ಟಿದೆ. ನಮ್ಮ ಈ ಹಾಳು ದಾಕ್ಷಿಣ್ಯದ ಮೇಲೆ ಇನ್ನೂ ಹೆಚ್ಚು ಸಿಟ್ಟಿದೆ. ಕೃತಿಕಾಳ ಸುದ್ದಿ ಬರದಿದ್ದರೆ ಬಹುಶಃ ಈ ಕಾಗದವನ್ನು ನಾನು ಬರೆಯುತ್ತಲೇ ಇರಲಿಲ್ಲ. ನಿನ್ನ ಮೊನ್ನೆಯ ಕಾಗದ ಓದಿದ ಮೇಲೆ ಒಲೆಯ ಮುಂದೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

ಪರದೆ ಕಟ್ಟಿಸದೆ ಇಲ್ಲಿಯವರೆಗೆ ಓದಿದ್ದರೆ ಈಗಲಾದರೂ ಏಳು.

ಸುಭದ್ರಾ


ಮಲ್ಲಂದೂರು
26 ಮೇ 2025

ಸುಭದ್ರಾ,

ನೀನು ಹೇಳಿದ ಹಾಗೆ ಕಟ್ಟಿಸಿ ಬಂದು ಓದಲಿಲ್ಲ. ಓದಿಯೇ ಕಟ್ಟಿಸಿದೆ. ಕಾಗದ ಕೈಗೆ ಬಂದಾಗ ಕಣದ ಹತ್ತಿರ ನಿಂತಿದ್ದೆ. ರುದ್ರೇಶನಿಗೆ ಒಂದು ಲೋಟ ಕಾಫಿಯನ್ನೂ ಕೊಡದೆ ಕಳಿಸಿಬಿಟ್ಟೆ. ಅವನಿಗೆ ನನ್ನ ಪರವಾಗಿ ಒಂದು ಮಾತು ಹೇಳು.

ಮೊದಲು ನಿನ್ನನ್ನು ಶಪಿಸಿದೆ. ಮಗಳು ಹೋದ ದುಃಖಕ್ಕೆ ಇವಳ ತಲೆ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಇವರ ಹತ್ತಿರ ಹೋದೆ. ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಬೀಜವನ್ನು ಮೂಟೆ ಕಟ್ಟಿಸುತ್ತಿದ್ದರು. “ನಂಗೆ ಕಿವಿ ಕೇಳ್ಸಲ್ವಾ?” ಎಂದು ಕೇಳಿದೆ. ಇವರು ಆಳುಗಳ ಎದುರಿಗೆ ಕೂಗಲು ಮನಸ್ಸಾಗದೆ ಮೆಲ್ಲಗೆ ಏನೋ ಅಂದರು. ತುಟಿ ಅಲ್ಲಾಡಿದ್ದು ಕಂಡಿತು. ಮಾತು ಕೇಳಿಸಲಿಲ್ಲ. ಅದೇ ಉತ್ತರವಾಯಿತು.

ಕೆಲವು ದಿನಗಳ ನಂತರ ನಾನೇ ರಾಜೀವನನ್ನು ಕರೆದು, ಎಲ್ಲಿಗೆ ಬೇಕೋ ಕರೆದುಕೊಂಡು ಹೋಗು ಅಂದೆ. ಈಗ ಎರಡೂ ಕಿವಿಗೆ ಯಂತ್ರ ಬಂದಿದೆ. ಹಾಕಿಕೊಂಡ ದಿನ ನನ್ನ ಚಪ್ಪಲಿಯ ಸದ್ದಿಗೆ ನಾನೇ ತಿರುಗಿ ನೋಡಿದೆ. ಮೊರದಲ್ಲಿ ಅಕ್ಕಿ ಕೇರಿದರೆ ಅಷ್ಟು ಸದ್ದಾಗುತ್ತದೆ ಎಂಬುದೇ ಮರೆತುಹೋಗಿತ್ತು. ಇವರು ಎಷ್ಟು ಮೃದುವಾಗಿ ಮಾತಾಡುತ್ತಾರೆ ಸುಭದ್ರಾ. ಪಾಪ, ಇಷ್ಟು ವರ್ಷ ನನಗಾಗಿ ಕೂಗಿದ್ದಾರೆ.

ಆಸ್ಪತ್ರೆಯಿಂದ ಕೃತಿಕಾ ಬರುವ ಹಿಂದಿನ ದಿನ ಅವಳ ಕೋಣೆಗೆ ಹೋದೆ. ತೆಗೆದಿಟ್ಟಿದ್ದ ಆ ನೀಲಿ ದೀಪವನ್ನು ಮತ್ತೆ ಪ್ಲಗ್ಗಿಗೆ ಸಿಕ್ಕಿಸಿದೆ. ಬಾಗಿಲು ಮುಚ್ಚಿ ಮಂಚದ ಮೇಲೆ ಕೂತೆ. ಮಧ್ಯಾಹ್ನದ ಹೊತ್ತು, ಮೋಡ ಕವಿದಿತ್ತು. ಸ್ವಲ್ಪ ಹೊತ್ತಿಗೆ ಎಡಗಡೆಯಿಂದ ಬಂತು, ಸಣ್ಣಗೆ, ಗುಂಯ್ ಎಂದು. ಆಮೇಲೆ ಇನ್ನೊಂದು. ದೀಪ ಉರಿಯುತ್ತಲೇ ಇತ್ತು. ನಾನು ಕೈ ಬೀಸಲಿಲ್ಲ. ಪಂಚಮಿ ಇದನ್ನು ಕೇಳುತ್ತಾ ಮಲಗಿದ್ದಳಲ್ಲ, ಕೇಳಿಯೂ ನನಗೆ ಹೇಳಬೇಡ ಅಂದಳಲ್ಲ ಎಂದು ನೆನೆದು ಅತ್ತೆ. ನನ್ನ ಅಳುವೂ ನನಗೆ ಕೇಳಿಸಿತು.

ಲೈನಿನಿಂದ ಯಂತ್ರಗಳನ್ನೆಲ್ಲ ವಾಪಸು ತರಿಸಿ ಪರದೆ ಹಂಚಿಸಿದೆ. ಸೊಳ್ಳೆ ಹೋಗಲಿಲ್ಲ ಅಂತ ಯಾಕೆ ಹೇಳಲಿಲ್ಲ ಎಂದು ಸಿದ್ದಮ್ಮನನ್ನು ಕೇಳಿದೆ. “ನೀವು ಕೊಟ್ಟಿದ್ದಲ್ವ್ರಾ ಅಮ್ಮಾವ್ರೇ, ಹೆಂಗೆ ಬ್ಯಾಡ ಅನ್ನಾದು?” ಅಂದಳು. ನಾನು ಎಂಥವಳಾಗಿದ್ದೆ ನೋಡು. ಸೊಳ್ಳೆ ಕಚ್ಚಿಸಿಕೊಳ್ಳುವುದಕ್ಕಿಂತ ನನಗೆ ಹೇಳುವುದು ಜನಕ್ಕೆ ಕಷ್ಟವಾಗಿತ್ತು.

ಕೃತಿಕಾಗೆ ಗಂಡು ಮಗು. ತಾಯಿ ಮಗು ಇಬ್ಬರೂ ಹಗಲೂ ರಾತ್ರಿ ಪರದೆಯೊಳಗೇ ಇದ್ದಾರೆ. ಈ ಮಗು ಹಂಚು ಹಾರುವ ಹಾಗೆ ಅಳುತ್ತದೆ. ಹಾಗಾದರೆ ಇಂಚರಾಳೂ ಅವತ್ತು ಅತ್ತಿದ್ದಳು, ಅಲ್ಲವೇ?

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನಿನ್ನ ದಾಕ್ಷಿಣ್ಯಕ್ಕೆ ನೀನು ಆಯಿತು ಅಂದುಬಿಡುತ್ತೀ. ಬೇರೊಂದನ್ನು ಕೇಳುತ್ತೇನೆ, ಅದಕ್ಕೆ ಮಾತ್ರ ಸತ್ಯ ಬರೆ. ನಾಮಕರಣದ ದಿನ ಪಂಚಮಿ ಜೀಪಿನ ಕಿಟಕಿ ಹಿಡಿದು ನನಗೇನೋ ಹೇಳಿದಳು. ನಾನು ಆಯ್ತು, ಖಂಡಿತ ಅಂದೆ. ನನಗೆ ಒಂದು ಅಕ್ಷರವೂ ಕೇಳಿಸಿರಲಿಲ್ಲ. ಕೇಳಿಸದಾಗಲೆಲ್ಲ ನಾನು ಆಯ್ತು ಅನ್ನುತ್ತಿದ್ದೆ. ನೀನು ಪಕ್ಕದಲ್ಲೇ ಇದ್ದೆ. ಅವಳು ನನಗೆ ಹೇಳಿದ ಕೊನೆಯ ಮಾತು ಅದು. ಏನು ಹೇಳಿದಳು?

ವಸಂತಾ


ಸಂಸೆ
3 ಜೂನ್ 2025

ವಸಂತಾ,

ನೀನು ಕೇಳದಿದ್ದರೆ ಇದು ನನ್ನ ಜೊತೆಗೇ ಹೋಗುತ್ತಿತ್ತು. ಕೇಳಿದ್ದೀ, ಬರೆಯುತ್ತೇನೆ.

ಅವಳು ಹೇಳಿದ್ದು ಇಷ್ಟು. “ಆಂಟೀ, ಮುಂದಿನ ಸಲ ಬರುವಾಗ ನಂಗೊಂದು ಪರದೆ ತನ್ನಿ. ನಿಮ್ಮನೆ ದೊಡ್ಡ ಮಂಚಕ್ಕೆ ಕಟ್ತಿದ್ರಲ್ಲ, ಅಂಥದ್ದು. ಇಲ್ಲಿ ಕಳಸದಲ್ಲಿ ಅಷ್ಟು ದೊಡ್ಡದು ಸಿಗಲ್ಲ. ಮಗೂಗೂ ನಂಗೂ ಒಟ್ಟಿಗೇ ಆಗ್ತದೆ.”

ಯಂತ್ರದ ಮಾತಿಲ್ಲ, ಕಿವಿಯ ಮಾತಿಲ್ಲ. ನಿನಗೆ ನೋವಾಗದ ಹಾಗೆ ಹೇಳಲು ಅವಳು ಹುಡುಕಿಕೊಂಡ ದಾರಿ ಅದು. ಅದಕ್ಕಾಗಿಯೇ ಮಳೆಯಲ್ಲಿ ಇಳಿದು ಬಂದದ್ದು. ನೀನು ಕೆನ್ನೆ ಮುಟ್ಟಿ ಖಂಡಿತ ಅಂದೆ.

ನಿನಗೆ ಕೇಳಿಸಿರಲಿಕ್ಕಿಲ್ಲ ಎಂದು ನನಗೆ ಆಗಲೇ ಅನುಮಾನವಿತ್ತು. ಹಳೆಯದು ಹರಿದ ಮೇಲೆ, ಸಣ್ಣದೋ ದೊಡ್ಡದೋ, ಸಿಕ್ಕಿದ್ದನ್ನು ಕಳಸದಿಂದ ತರುತ್ತೇನೆ ಎಂದು ಇವರು ಹೊರಟರು. ಪಂಚಮಿ ಬಿಡಲಿಲ್ಲ. “ಬೇಡ ಅಪ್ಪಾ, ಆಂಟಿ ಖಂಡಿತ ಅಂದಿದಾರೆ. ಅವ್ರು ತರೋಷ್ಟರಲ್ಲಿ ನಾವು ಬೇರೆ ತಂದ್ಬಿಟ್ರೆ ಎಂತ ಅಂದ್ಕೊಳ್ತಾರೆ?” ಅಂದಳು. ಮಳೆ ಹಿಡಿಯಿತು. ಜೀಪಿನ ಸದ್ದಾದಾಗಲೆಲ್ಲ ಕಿಟಕಿಯಲ್ಲಿ ಇಣುಕುತ್ತಿದ್ದಳು.

ಸತ್ಯ ಬರೆ ಎಂದೆ, ಬರೆದಿದ್ದೇನೆ. ಇದನ್ನು ಓದಿ ನಿನಗೆ ಏನಾಗುತ್ತದೆ ಎಂದು ನನಗೆ ಗೊತ್ತಿದೆ. ವರ್ಷದಿಂದ ನನಗೂ ಅದೇ ಆಗುತ್ತಿದೆ. ಒಬ್ಬಳೇ ಹೊತ್ತು ಸಾಕಾಗಿದೆ ವಸಂತಾ.

ಇಂಚರಾ ಗೋಡೆ ಹಿಡಿದು ನಡೆಯುತ್ತಾಳೆ. ನನ್ನ ಪಕ್ಕದಲ್ಲಿ ಮಲಗುತ್ತಾಳೆ. ಕಾರ್ತಿಕ್ ತಂದಿದ್ದ ಕೊಡೆಯಂಥ ಸಣ್ಣ ಪರದೆಯಿಂದ ಈಗ ಅವಳ ಕಾಲು ಹೊರಗೆ ಬರುತ್ತದೆ.

ಮಳೆ ಈ ಸಲ ಬೇಗ ಹಿಡಿದಿದೆ. ಮಳೆ ಎಂದು ನೋಡಬೇಡ, ಹೊರಟು ಬಾ. ಬರುವಾಗ ಆ ದೊಡ್ಡ ಪರದೆ ತೆಗೆದುಕೊಂಡು ಬಾ. ಖಂಡಿತ ಅಂದಿದ್ದೆಯಲ್ಲ.

ನಿನ್ನ
ಸುಭದ್ರಾ